ಗಬ್ಬದ ಹಂದಿಗೆ ತಿನ್ನಿಸಿದ ಹಿಂಡಿಯ ಕುರಿತು

ಈ ಬರಹದ ಮೂಲಕ ನಾನು ತಿಳಿಸಬಯಸುವ ಸಂಗತಿಯು ನಮ್ಮ ಮನೆಯ ಹಿತ್ತಿಲಿನಲ್ಲಿ ನಡೆದದ್ದು. ಅದು ಒಂದು ಹೆಣ್ಣು ಹಂದಿ, ಅದರ ಆಹಾರ ಹಾಗೂ ನಾನು ಮಾಡಿದ ಒಂದು ತಪ್ಪಿಗೆ ಸಂಬಂಧಿಸಿದ್ದಾಗಿದೆ. ಇದುವರೆಗೆ ನಾನು ಬರೆದದ್ದೆಲ್ಲ ಅರ್ಜಿಗಳು ಮತ್ತು ನಮ್ಮ ಓಣಿಯ ಮಹಿಳಾ ಸಂಘದ ಪತ್ರಗಳು ಮಾತ್ರ. ಆದ ಕಾರಣ ಈ ಬರಹದಲ್ಲಿ ಕ್ರಮ ತಪ್ಪಿದ್ದರೆ ಓದುವವರು ಮನ್ನಿಸಬೇಕಾಗಿ ಕೋರುತ್ತೇನೆ. ಆದರೆ ಸಂಗತಿಗಳಲ್ಲಿ ತಪ್ಪಿಲ್ಲ. ಹಂದಿಯ ಮೇವಿನ ವಿಷಯದಲ್ಲಿ ಈಗ ನನಗೆ ತಿಳಿದಿರುವುದನ್ನು ಯಾರ ಎದುರಿಗೂ ನಿಂತು ಹೇಳಬಲ್ಲೆ.

ನಮ್ಮ ಊರು ಬಸವನ ಬಾಗೇವಾಡಿಯಿಂದ ಮುದ್ದೇಬಿಹಾಳಕ್ಕೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗಿದೆ. ಮಗಳು ಮದುವೆಯಾಗಿ ಹೋದ ಮೇಲೆ ಮನೆಯಲ್ಲಿ ಇರುವವರು ನಾವು ಮೂವರು: ನಾನು, ನಮ್ಮ ಯಜಮಾನರು ಮತ್ತು ಅತ್ತೆ. ಯಜಮಾನರು ಟೆಂಪೋ ಓಡಿಸುತ್ತಾರೆ. ಇಂಡಿಯಿಂದ ಲಿಂಬೆಹಣ್ಣಿನ ಚೀಲ, ಬಾಗೇವಾಡಿಯಿಂದ ಗೊಬ್ಬರ, ನಾಲತವಾಡದ ಸಂತೆಗೆ ಉಳ್ಳಾಗಡ್ಡಿ, ಹೀಗೆ ಯಾರು ಕರೆದರೆ ಅವರ ಸರಕು. ಅತ್ತೆಯವರು ಬುದ್ಧಿ ಬಂದಾಗಿನಿಂದ ಎಮ್ಮೆ ಕಟ್ಟಿದವರು. ಅವರ ಕೊನೆಯ ಎಮ್ಮೆ ತೀರಿಕೊಂಡ ಮೇಲೆ ಹಿತ್ತಿಲಿನ ಕೊಟ್ಟಿಗೆ ಖಾಲಿ ಉಳಿದಿತ್ತು. ಆ ಜಾಗದಲ್ಲಿ ಸಿಮೆಂಟಿನ ನೆಲ ಹಾಕಿಸಿ, ಸಿಂದಗಿ ಹತ್ತಿರದ ಒಬ್ಬ ಸಾಕಣೆದಾರರಿಂದ ಬಿಳಿ ತಳಿಯ ಹೆಣ್ಣು ಹಂದಿಯೊಂದನ್ನು ತಂದು ಸಾಕಬೇಕೆಂದು ಹಟ ಹಿಡಿದವಳು ನಾನು.

ಹಂದಿ ನಮ್ಮ ಓಣಿಗೆ ಹೊಸದೇನೂ ಅಲ್ಲ. ಮೊದಲು ಕರಿ ಹಂದಿಗಳಿದ್ದವು. ಅವು ಬಯಲಿನಲ್ಲಿ ತಿರುಗಿ ಸಿಕ್ಕದ್ದನ್ನು ತಿಂದು, ಮಣ್ಣು ಕೆದರಿ, ತಾವೇ ಬದುಕುತ್ತಿದ್ದವು. ಅವುಗಳಿಗೆ ಯಾರೂ ಅಳೆದು ಮೇವು ಹಾಕಿದವರಲ್ಲ. ಹಂದಿಯನ್ನು ಕಟ್ಟಡದೊಳಗೆ ಇಟ್ಟರೆ ಅದರ ಹೊಟ್ಟೆಯ ಜವಾಬ್ದಾರಿ ಪೂರ್ತಿಯಾಗಿ ನಮ್ಮದಾಗುತ್ತದೆ ಎಂಬುದು ನನಗೆ ತಿಳಿದದ್ದು ಮೊದಲನೆಯ ಸೂಲಿನಲ್ಲಿ.

ಆ ಸೂಲಿನಲ್ಲಿ ಹನ್ನೊಂದು ಮರಿ ಹುಟ್ಟಿದವು. ಒಂದಕ್ಕಿಂತ ಒಂದು ಚೆಂದ. ಎರಡನೆಯ ವಾರ ಮುಗಿಯುವ ಹೊತ್ತಿಗೆ ಅವುಗಳ ಕಿವಿಯ ಒಳಭಾಗ ಸುಣ್ಣದಂತೆ ಬೆಳ್ಳಗಾಯಿತು. ಮೈಮೇಲಿನ ಕೂದಲು ಒರಟಾಗಿ ನಿಂತಿತು. ತಾಯಿಯ ಹತ್ತಿರ ಓಡಿ ಬರುವಷ್ಟರಲ್ಲಿ ಪಕ್ಕೆ ಬಡಿದುಕೊಳ್ಳುತ್ತಿದ್ದವು. ಮೂರು ವಾರ ತುಂಬುವುದರೊಳಗೆ ಎಂಟು ಮರಿಗಳು ಸತ್ತವು. ಅವನ್ನು ಹಿತ್ತಿಲ ಆಚೆ ಹೂಳಿ ಬಂದ ದಿನ ಯಜಮಾನರು ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ನನಗೆ ಉತ್ತರ ಕೊಡಲು ಬರುತ್ತಿತ್ತು.

"ನೋಡು, ಇನ್ನೊಂದ ಸೂಲು ನೋಡೂನು" ಎಂದರು. "ಅದೂ ಹಿಂಗ ಆದ್ರ ಹಂದಿ ಮಾರಿಬಿಡೂನು. ಆ ಜಾಗಾದಾಗ ಅವ್ವಗ ಒಂದ ಎಮ್ಮಿ ತಂದು ಕಟ್ಟೂನು. ಆತಿಲ್ಲೊ?"

"ಆಗ್ಲಿರಿ" ಎಂದೆ. ಮಾತು ಕೊಟ್ಟ ಮೇಲೆ ಅದು ಠರಾವಿನಂತೆ ಆಯಿತು.

ಮರುದಿನವೇ ಪಶು ಆಸ್ಪತ್ರೆಗೆ ಹೋದೆ. ಅಲ್ಲಿನ ವೈದ್ಯರು ವಯಸ್ಸಿನಲ್ಲಿ ನನಗಿಂತ ಚಿಕ್ಕವರಾದ ಒಬ್ಬ ಮಹಿಳೆ. ನಮ್ಮ ಕಡೆ ಅವರನ್ನು ಎಲ್ಲರೂ ಡಾಕ್ಟರ್ ಬಾಯಾರು ಎನ್ನುತ್ತಾರೆ. ನಾನು ಹೇಳಿದ್ದನ್ನು ಅರ್ಧ ಕೇಳಿ, "ನೆಲಾ ಸಿಮೆಂಟಿಂದೇನ್ರಿ ಅಕ್ಕಾರ?" ಎಂದರು. ಹೌದೆಂದೆ. "ಹಂಗಾರ ಮರಿಗೆ ಕಬ್ಬಿಣಾಂಶ ಎಲ್ಲಿಂದ ಬರಬೇಕ್ರಿ? ತಾಯಿ ಹಾಲಾಗ ಅದು ಭಾಳ ಕಡಿಮಿ ಇರ್ತೈತಿ. ಹೊರಗಿನ ಹಂದಿಮರಿ ಮಣ್ಣು ತಿಂದು ಪಡೀತಾವು. ನಿಮ್ಮವು ಸಿಮೆಂಟ್ ನೆಕ್ಕಿದ್ರ ಏನ ಸಿಗತೈತಿ?"

ಅವರು ಹೇಳಿದ್ದನ್ನು ನಾನು ಅಲ್ಲಿಯೇ ಬರೆದುಕೊಂಡೆ. ಮರಿಗೆ ಮೂರನೆಯ ದಿನ ಕಬ್ಬಿಣಾಂಶದ ಚುಚ್ಚುಮದ್ದು ಕೊಡಿಸಬೇಕು. ತಾಯಿಗೆ ಗೋವಿನಜೋಳದ ನುಚ್ಚು, ಸೋಯಾ ಹಿಂಡಿ, ಗೋಧಿ ಬೂಸಾ, ಜೊತೆಗೆ ಖನಿಜ ಮಿಶ್ರಣ ಮತ್ತು ಸ್ವಲ್ಪ ಉಪ್ಪು. ಗಬ್ಬದ ಮೊದಲ ತಿಂಗಳುಗಳಲ್ಲಿ ಮೈ ಬೆಳೆಸಬಾರದು, ದಿನಕ್ಕೆ ಎರಡು ಕಿಲೋದ ಆಸುಪಾಸು ಸಾಕು. ಕೊನೆಯ ತಿಂಗಳಿನಲ್ಲಿ ಹೆಚ್ಚಿಸಬೇಕು. ಈಯುವ ಹಿಂದಿನ ಎರಡು ದಿನ ಇಳಿಸಬೇಕು. ಮರಿ ಹಾಕಿದ ಮೇಲೆ ಹಂತಹಂತವಾಗಿ ಏರಿಸಿ, ಮರಿಗಳ ಸಂಖ್ಯೆ ನೋಡಿ ಕೊಡಬೇಕು. ಹಂದಿಗೂ ಹೀಗೆ ಪಥ್ಯವಿದೆ ಎಂದು ತಿಳಿದು ನಾನು ಬೆರಗಾದೆ. ನನ್ನ ಹೆರಿಗೆಯಲ್ಲಿ ನನಗೆ ಇಷ್ಟು ಯೋಚಿಸಿ ಯಾರೂ ಬಡಿಸಿರಲಿಲ್ಲ.

ಹಂದಿ ಎರಡನೆಯ ಸಲ ಗಬ್ಬವಾಯಿತು. ಅತ್ತೆಯವರಿಗೆ ಮೊದಮೊದಲು ಅದರ ಹತ್ತಿರ ಹೋಗಲು ಮನಸ್ಸಿರಲಿಲ್ಲ. ಆದರೆ ಗಬ್ಬದ ಜೀವ ಹಿತ್ತಿಲಿನಲ್ಲಿರುವಾಗ ಅವರಿಂದ ಸುಮ್ಮನೆ ಕೂರಲು ಆಗಲಿಲ್ಲ. ಬೆಳಗಿನ ಮೇವನ್ನು ಅವರೇ ನೆನೆಸತೊಡಗಿದರು. ಇದನ್ನು ನೋಡಿ ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ಇಣುಕಿ, "ಏನ ಆಯಿ, ಸೊಸಿಗೆ ಕುಬಸ ಯಾವಾಗ? ಹಸರ ಬಳಿ ಇಡಸ್ತೀರೇನ?" ಎಂದು ಹಂದಿಯ ಸೀಮಂತದ ಮಾತೆತ್ತಿ ಚುಡಾಯಿಸಿದಳು.

"ನಿನ್ನ ಬಿಟ್ಟು ಮಾಡ್ತೇವೇನ? ಸೀರಿ ತಂದಿಡು ಮೊದಲ" ಎಂದರು ಅತ್ತೆ, ತಲೆ ಎತ್ತದೆ.

ಇನ್ನು ತಪ್ಪಿನ ವಿಷಯಕ್ಕೆ ಬರುತ್ತೇನೆ. ಇದನ್ನು ಬರೆಯಬೇಕೋ ಬೇಡವೋ ಎಂದು ಎರಡು ಸಲ ಯೋಚಿಸಿದ್ದೇನೆ. ಬರೆಯದಿದ್ದರೆ ಉಳಿದದ್ದಕ್ಕೆ ಅರ್ಥವಿಲ್ಲ.

ನಾವು ಹಿಂಡಿ ಕೊಳ್ಳುವುದು ಬಾಗೇವಾಡಿಯ ಒಂದು ಅಂಗಡಿಯಲ್ಲಿ. ಅತ್ತೆಯವರು ಎಮ್ಮೆ ಕಟ್ಟಿದ್ದ ಕಾಲದಿಂದಲೂ ಅದೇ ಅಂಗಡಿ. ಅಂಗಡಿಯ ಮಾಲೀಕರು ವಯಸ್ಸಾದ ಮುಸ್ಲಿಮರು, ದಿನದ ಐದು ಹೊತ್ತಿನ ನಮಾಜು ತಪ್ಪಿಸಿದವರಲ್ಲ. ನಾವು ಅವರನ್ನು ಚಾಚಾ ಎನ್ನುತ್ತೇವೆ. ಅವರ ತಕ್ಕಡಿಯಲ್ಲಿ ಒಂದು ಹಿಡಿ ಹೆಚ್ಚಾಗಿ ಬೀಳುತ್ತದೆಯೇ ವಿನಾ ಕಡಿಮೆಯಾಗುವುದಿಲ್ಲ. ಅಂಥವರ ಎದುರಿಗೆ, ಅವರ ಅಂಗಡಿಯಲ್ಲಿ ನಿಂತು, 'ಹಂದಿ' ಎಂಬ ಶಬ್ದ ತೆಗೆಯಲು ನನಗೆ ನಾಲಿಗೆ ಏಳಲಿಲ್ಲ. ಅವರ ಮನಸ್ಸಿಗೆ ನೋವಾಗಬಾರದು ಎಂಬುದು ಒಂದು ಕಾರಣ. ನಮ್ಮ ಮನೆಯಲ್ಲಿ ಹಂದಿ ಸಾಕಿದ್ದೇವೆಂದು ಅಂಗಡಿಯಲ್ಲಿ ನಿಂತ ಬೇರೆ ಗಿರಾಕಿಗಳಿಗೆ ಕೇಳಿಸಬಾರದು ಎಂಬುದು ಇನ್ನೊಂದು. ಎರಡನೆಯ ಕಾರಣವನ್ನು ನಾನು ಬಹಳ ದಿನ ಮೊದಲನೆಯದರ ಹಿಂದೆ ಅಡಗಿಸಿಟ್ಟಿದ್ದೆ.

ಹೀಗಾಗಿ ನಾನು ಚೀಟಿ ಕೊಡುತ್ತಿದ್ದೆ, ಚಾಚಾ ತೂಕ ಮಾಡಿಸುತ್ತಿದ್ದರು. ಯಾರಿಗೆ ಎಂದು ಅವರು ಕೇಳಿದವರಲ್ಲ, ನಾನು ಹೇಳಿದವಳಲ್ಲ. ಗಬ್ಬದ ಎರಡನೆಯ ತಿಂಗಳಿನಲ್ಲಿ ಒಮ್ಮೆ ಹೋದಾಗ ಅವರು ಚೀಟಿ ನೋಡಿ ತಲೆ ಅಲ್ಲಾಡಿಸಿದರು.

"ಸೋಯಾ ಖಲಾಸ್ ಬೇಟಿ. ಮುಂದಿನ ವಾರ ಬರ್ತೈತಿ, ಇಲ್ಲಾಂದ್ರ ಅದರ ಮುಂದಿನ ವಾರ."

"ಗಬ್ಬ ಐತ್ರಿ ಚಾಚಾ. ಹಿಂಡಿ ಇಲ್ಲದ ಹೆಂಗ್ರಿ?"

"ಗಬ್ಬ ಐತೇನ? ಮತ್ತ ಮೊದಲ ಹೇಳಬಾರದ!" ಅವರ ಮುಖ ಅರಳಿತು. "ಅತ್ತಿ ಮತ್ತ ಕಟ್ಯಾಳ ಅನ್ನು. ಆಕಿ ಬಿಟ್ಟ ಇರಂಗಿಲ್ಲ ಅಂತ ನನಗ ಗೊತ್ತಿತ್ತು. ಗಬ್ಬದ ಜಾನವಾರಕ್ಕ ಸೋಯಾ ಯಾಕ? ಹತ್ತಿಕಾಳಿನ ಹಿಂಡಿ ಒಯ್ಯಿ. ಹೊಸಾ ಮಾಲ್ ಐತಿ, ವಾಸನಿ ನೋಡು."

ಅವರು ಎಮ್ಮೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತನಾಡುತ್ತಿದ್ದಾರೆ ಎಂಬುದು ನನಗೆ ಆ ಕ್ಷಣದಲ್ಲಿಯೇ ತಿಳಿಯಿತು. ಒಂದು ಶಬ್ದ ಹೇಳಿದ್ದರೆ ಸಾಕಿತ್ತು. ಅಂಗಡಿಯಲ್ಲಿ ನಾಲ್ಕು ಜನ ನಿಂತಿದ್ದರು. ನಾನು ಹಿಂಡಿಯ ವಾಸನೆ ನೋಡಿ, "ಛಲೋ ಐತ್ರಿ" ಎಂದು ಚೀಲ ಟೆಂಪೋಗೆ ಹಾಕಿಸಿದೆ. ಹತ್ತಿಕಾಳಿನ ಹಿಂಡಿಯೆಂದರೆ ನಮ್ಮ ಕಡೆ ದನಕ್ಕೆ ಅದಕ್ಕಿಂತ ಮೇಲಾದ ಮೇವಿಲ್ಲ. ಅಂಥದ್ದು ಹಂದಿಗೆ ಕೆಡುಕು ಮಾಡಬಹುದೆಂದು ನನ್ನ ತಲೆಗೆ ಹೊಳೆಯಲೂ ಇಲ್ಲ.

ಚೀಲ ಬಿಚ್ಚಿದಾಗ ಅತ್ತೆಯವರ ಸಂತೋಷ ಹೇಳತೀರದು. "ಈಗ ನೋಡು ಮೇವು ಅಂದ್ರ! ಇಷ್ಟ ದಿನ ಔಷಧ ಅಂಗಡಿ ಪುಡಿ ತಿನಿಸಿದಂಗ ಮಾಡ್ತಿದ್ದಿ" ಎಂದು ನನಗೇ ಬುದ್ಧಿ ಹೇಳಿದರು. ಎಮ್ಮೆಗೆ ಮಾಡುತ್ತಿದ್ದಂತೆ ರಾತ್ರಿ ನೆನೆಯಿಟ್ಟು, ಬೆಳಿಗ್ಗೆ ಕೈಯಿಂದ ಹಿಸುಕಿ, ನುಚ್ಚಿನ ಜೊತೆ ಕಲಸಿ ಹಾಕುತ್ತಿದ್ದರು. ಮುಂದಿನ ವಾರ ಸೋಯಾ ಬಂತೋ ಇಲ್ಲವೋ ನಾನು ವಿಚಾರಿಸಲೇ ಇಲ್ಲ. ಹತ್ತಿಕಾಳಿನ ಹಿಂಡಿಯನ್ನೇ ಮತ್ತೆ ತಂದೆ.

ಆ ಹಿಂಡಿ ಹಾಕತೊಡಗಿದ ನಾಲ್ಕನೆಯ ವಾರದಲ್ಲಿ ಹಂದಿ ಮೇವು ಬಿಡತೊಡಗಿತು. ಮೇವು ಹಾಕುವ ದೋಣಿಯ ಹತ್ತಿರ ಬರುವುದು, ಮೂಗಿನಿಂದ ಒಮ್ಮೆ ಕೆದರುವುದು, ಹೋಗಿ ಮಲಗುವುದು. ಎದ್ದು ನಾಲ್ಕು ಹೆಜ್ಜೆ ಹಾಕಿದರೆ ಹೊಟ್ಟೆ ಎಳೆದೆಳೆದು ಉಸಿರಾಡುತ್ತಿತ್ತು. ಬೆನ್ನಿನ ಮೂಳೆ ಕಾಣತೊಡಗಿತು. "ನಿಶ್ಶಕ್ತಿ ಆಗೇತಿ, ಹಿಂಡಿ ಇನ್ನಷ್ಟ ಹಾಕೂನು" ಎಂದರು ಅತ್ತೆ. ಒಂದು ದಿನ ಹಾಗೆಯೇ ಮಾಡಿದೆವು. ಮರುದಿನ ನಾನು ಡಾಕ್ಟರ್ ಬಾಯಾರಿಗೆ ಫೋನು ಮಾಡಿದೆ.

ಅವರು ಬಂದು, ಹಂದಿಯ ಮೈ ಮುಟ್ಟಿ, ಜ್ವರ ನೋಡಿ, ಎದೆಗೆ ನಳಿಗೆ ಇಟ್ಟು ಬಹಳ ಹೊತ್ತು ಆಲಿಸಿದರು. ಆಮೇಲೆ ದೋಣಿಯಲ್ಲಿ ಉಳಿದಿದ್ದ ಮೇವನ್ನು ಒಂದು ಹಿಡಿ ಎತ್ತಿ ಅಂಗೈ ಮೇಲೆ ಹರಡಿದರು. ಕಪ್ಪು ಸಿಪ್ಪೆ, ಅದಕ್ಕಂಟಿದ ಅರಳೆಯ ಎಳೆ.

"ಇದು ಸೋಯಾ ಅಲ್ಲಲ್ರಿ ಅಕ್ಕಾರ. ಹತ್ತಿಕಾಳಿನ ಹಿಂಡಿ. ಯಾರ ಹೇಳಿದ್ರು ಇದನ್ನ ಹಾಕಾಕ?"

ನಾನು ಬಾಯಿ ತೆರೆಯುವುದರೊಳಗೆ ಅತ್ತೆಯವರು ಮುಂದೆ ಬಂದರು. "ಯಾಕ್ರಿ ಬಾಯಾರ, ಏನಾತು? ನನ್ನ ಎಮ್ಮಿ ಇದನ್ನ ತಿಂದು ಕೊಡಾ ತುಂಬ ಹಾಲ ಕೊಟ್ಟೈತಿ."

"ಆಯಿ, ಇದು ಎಮ್ಮಿ ಅಲ್ರಿ."

"ಅಲ್ಲಂತ ನನಗೂ ಕಾಣ್ತೈತಿ ಬಿಡ್ರಿ. ಕೋಡ ಇಲ್ಲಲ್ಲ."

ಬಾಯಾರಿಗೆ ನಗು ತಡೆಯಲಾಗಲಿಲ್ಲ. ನಂತರ ಅತ್ತೆಯವರನ್ನು ಕೂರಿಸಿಕೊಂಡು ತಿಳಿಯುವಂತೆ ಹೇಳಿದರು. ಹತ್ತಿಕಾಳಿನಲ್ಲಿ ಒಂದು ಬಗೆಯ ವಿಷವಿರುತ್ತದೆ. ದೊಡ್ಡ ಎಮ್ಮೆ ಮೆಲುಕು ಹಾಕುವ ಪ್ರಾಣಿ, ಅದರ ಹೊಟ್ಟೆಗೆ ನಾಲ್ಕು ಕೋಣೆ, ಅದು ಆ ವಿಷವನ್ನು ಬಹುಮಟ್ಟಿಗೆ ಒಳಗೇ ಅಡಗಿಸಿಬಿಡುತ್ತದೆ. ಹಂದಿಯದು ನಮ್ಮಂತೆ ಒಂದೇ ಹೊಟ್ಟೆ. ಅದರ ಮೈಯಲ್ಲಿ ಆ ವಿಷ ದಿನದಿನವೂ ಕೂಡುತ್ತ ಹೋಗಿ ಹೃದಯಕ್ಕೆ, ಪಿತ್ತಕೋಶದ ಪಕ್ಕದ ಯಕೃತ್ತಿಗೆ ಪೆಟ್ಟು ಕೊಡುತ್ತದೆ. ಒಂದು ದಿನ ತಿಂದರೆ ಕಾಣುವುದಿಲ್ಲ, ವಾರಗಟ್ಟಲೆ ತಿಂದ ಮೇಲೆ ಕಾಣುತ್ತದೆ.

"ಇದಕ್ಕ ಬಿಡಿಸೂ ಔಷಧ ಅಂತ ಇಲ್ರಿ" ಎಂದರು. "ಇವತ್ತ ಈ ಹಿಂಡಿ ಬಂದ್ ಮಾಡ್ರಿ. ಕಬ್ಬಿಣಾಂಶದ ಪುಡಿ ಕೊಡ್ತೇನಿ, ನಾ ಹೇಳಿದಷ್ಟ ಮೇವಿನಾಗ ಕಲಿಸ್ರಿ. ಸೋಯಾ ಹಾಕ್ರಿ. ಖನಿಜ ಮಿಶ್ರಣ ತಪ್ಪಸಬ್ಯಾಡ್ರಿ. ಹಂದಿ ಉಳಿಯೂ ಲಕ್ಷಣ ಐತಿ. ಹೊಟ್ಯಾಗಿನ ಮರಿ ಬಗ್ಗೆ ನಾ ಈಗ ಮಾತ ಕೊಡಂಗಿಲ್ಲ."

ಅವರು ಹೋದ ಮೇಲೆ ಅತ್ತೆಯವರು ಉಳಿದ ಹಿಂಡಿಯ ಚೀಲವನ್ನು ತಾವೇ ಎಳೆದುಕೊಂಡು ಹೋಗಿ ಪಕ್ಕದ ಮನೆಯ ಎಮ್ಮೆಗೆ ಕೊಟ್ಟು ಬಂದರು. ಬಂದವರು ಕಟ್ಟೆಯ ಮೇಲೆ ಕುಳಿತು, "ನಾನ ಕೈಯಾರೆ ಹಿಸುಕಿ ಹಾಕೇನಲ್ಲವಾ" ಎಂದರು. ಆಗ ನಾನು ಅಂಗಡಿಯಲ್ಲಿ ನಡೆದದ್ದನ್ನು ಹೇಳಿದೆ. ಹೇಳದೇ ಇದ್ದರೆ ತಪ್ಪು ಅವರ ತಲೆಯ ಮೇಲೆ ಉಳಿಯುತ್ತಿತ್ತು, ಚಾಚಾರ ಮೇಲೆಯೂ ಬೀಳುತ್ತಿತ್ತು. ಅತ್ತೆಯವರು ಎಲ್ಲ ಕೇಳಿ, "ನಾಚಿಕಿ ಪಡೂದಾದ್ರ ಸಾಕಬಾರದು. ಸಾಕಿದ ಮ್ಯಾಲ ನಾಚಿಕಿ ಯಾಕ?" ಎಂದಷ್ಟೇ ಅಂದು ಒಳಗೆ ಹೋದರು.

ಮಾರನೆಯ ದಿನ ಯಜಮಾನರ ಟೆಂಪೋದಲ್ಲಿಯೇ ಬಾಗೇವಾಡಿಗೆ ಹೋದೆ. ಅಂಗಡಿಯಲ್ಲಿ ಅಂದೂ ಗಿರಾಕಿಗಳಿದ್ದರು. ಯಾರೂ ಇಲ್ಲದ ಹೊತ್ತು ಕಾಯಬಾರದು ಎಂದು ದಾರಿಯಲ್ಲಿಯೇ ನಿಶ್ಚಯಿಸಿಕೊಂಡಿದ್ದೆ.

"ಚಾಚಾ, ನಿಮಗ ಒಂದ ಮಾತ ಹೇಳಬೇಕ್ರಿ. ನಾ ಒಯ್ಯೂ ಮೇವು ಎಮ್ಮಿಗಲ್ರಿ. ನಮ್ಮ ಮನ್ಯಾಗ ಹಂದಿ ಐತ್ರಿ. ಹತ್ತಿಕಾಳಿನ ಹಿಂಡಿ ತಿಂದು ಅದಕ್ಕ ಆರಾಮಿಲ್ಲ."

ಚಾಚಾ ತಕ್ಕಡಿಯ ಮೇಲಿನ ಕೈ ತೆಗೆದರು. ನಾನು ಬೈಗುಳಕ್ಕೆ ಸಿದ್ಧಳಾಗಿಯೇ ಹೋಗಿದ್ದೆ. ಬೈದರು, ಆದರೆ ನಾನು ತಿಳಿದ ಕಾರಣಕ್ಕಲ್ಲ.

"ಎಷ್ಟ ತಿಂಗಳಿಂದ ಬರಾಕತ್ತೀದಿ ನೀ? ಡಾಕ್ಟರ್ ಮುಂದ ಕುಂತು, ಬ್ಯಾನಿ ಯಾರಿಗೆ ಅಂತ ಹೇಳದ ಗುಳಗಿ ಕೊಡ್ರಿ ಅಂದ್ರ ಕೊಡ್ತಾರೇನ? ನಾ ತಿನ್ನಂಗಿಲ್ಲ, ಮುಟ್ಟಂಗಿಲ್ಲ, ಅದು ನನ್ನ ದೀನ್, ನನ್ನ ಧರ್ಮ. ಹಂಗಂತ ಜೀವ ಇದ್ದದ್ದಕ್ಕ ತಪ್ಪ ಮೇವ ಕೊಡು ಅಂತ ನನ್ನ ದೀನ್ ಹೇಳಿಲ್ಲ. ನನ್ನ ಕೈಯಿಂದ ತಪ್ಪ ಮಾಡಿಸಿದಿಯಲ್ಲ ಬೇಟಿ!"

"ತಪ್ಪಾತ್ರಿ ಚಾಚಾ."

"ಆತು ಬಿಡು. ಸೋಯಾ ಹಿಂದಿನ ವಾರನ ಬಂದೈತಿ. ಇನ್ನ ಮ್ಯಾಲ ನಿನ್ನ ಚೀಲ ತೆಗೆದ ಇಡ್ತೇನಿ." ಆಮೇಲೆ, ಪಕ್ಕದಲ್ಲಿ ನಿಂತು ನಗುತ್ತಿದ್ದ ಒಬ್ಬ ಗಿರಾಕಿಯ ಕಡೆ ತಿರುಗಿ, "ನಗಾಕತ್ತೀಯಲ್ಲ, ನಿನ್ನ ಆಡಿಗೆ ಏನ ಹಾಕ್ತಿ ಅದನ್ನಾರ ಖರೇ ಹೇಳೀಯೇನ ನೀ?" ಎಂದು ಗದರಿದರು.

ಅಂದಿನಿಂದ ಆ ಅಂಗಡಿಯಲ್ಲಿ ನಾನು ಯಾವ ಮುಚ್ಚುಮರೆಯಿಲ್ಲದೆ ವ್ಯವಹರಿಸುತ್ತಿದ್ದೇನೆ.

ಹಂದಿ ಚೇತರಿಸಿಕೊಳ್ಳಲು ದಿನಗಳು ಹಿಡಿದವು. ಮೊದಲ ವಾರ ಹಿಡಿ ಹಿಡಿಯಾಗಿ ತಿಂದಿತು. ಎರಡನೆಯ ವಾರ ದೋಣಿ ನೆಕ್ಕಿತು. ಉಸಿರಾಟ ಹದಕ್ಕೆ ಬಂತು. ನಾನು ಪ್ರತಿದಿನ ಮೇವನ್ನು ತೂಗಿ ಹಾಕುತ್ತಿದ್ದೆ, ಕಣ್ಣಂದಾಜನ್ನು ಪೂರ್ತಿಯಾಗಿ ಕೈಬಿಟ್ಟೆ. ಬೆನ್ನ ಮೇಲೆ ಅಂಗೈ ಒತ್ತಿದರೆ ಮೂಳೆ ತಾಗಬೇಕು, ಆದರೆ ಕಣ್ಣಿಗೆ ಕಾಣಬಾರದು ಎಂದು ಬಾಯಾರು ಹೇಳಿಕೊಟ್ಟಿದ್ದರು. ಅದೇ ನನ್ನ ಅಳತೆಯಾಯಿತು. ಹೊಟ್ಟೆಯೊಳಗೆ ಮರಿಗಳಿವೆಯೋ ಇಲ್ಲವೋ ಎಂಬುದನ್ನು ಮಾತ್ರ ಯಾವ ಅಳತೆಯೂ ಹೇಳಲಿಲ್ಲ. ಈ ನಡುವೆ ಯಜಮಾನರು ಸಿಂದಗಿಯ ಅದೇ ಸಾಕಣೆದಾರರಿಗೆ, ಬೇಕಾದರೆ ಬಂದು ಹಂದಿ ನೋಡಿಕೊಂಡು ಹೋಗಿರಿ ಎಂದು ಹೇಳಿಟ್ಟಿದ್ದರು. ಅದು ನನಗೆ ಗೊತ್ತಾಯಿತು. ಕೊಟ್ಟ ಮಾತಿನಂತೆ ನಡೆದಿದ್ದಾರೆ, ತಪ್ಪೇನಿಲ್ಲ ಎಂದುಕೊಂಡೆ.

ಗಬ್ಬ ನಿಂತು ಮೂರು ತಿಂಗಳು, ಮೂರು ವಾರ ಕಳೆದು ಮೂರನೆಯ ದಿನ ಮಧ್ಯಾಹ್ನ ಹಂದಿ ಹುಲ್ಲು ಎಳೆದು ಗುಡ್ಡೆ ಮಾಡತೊಡಗಿತು. ಮೊಲೆ ಒತ್ತಿ ನೋಡಿದ ಅತ್ತೆಯವರು, "ಹಾಲ ಬಂದೈತಿ. ಇವತ್ತ ಈಯತೈತಿ" ಎಂದು ಸೀರೆಯ ಸೆರಗು ಸಿಕ್ಕಿಸಿದರು. ಎಮ್ಮೆಯಲ್ಲಿ ಕಲಿತ ಅವರ ಕೈ ಹಂದಿಗೂ ಒದಗಿತು. ಮೊದಲನೆಯ ಮರಿ ಬಿದ್ದಾಗ ಅದರ ಮೂಗು ಬಾಯಿ ಒರೆಸಿ, ಬಟ್ಟೆಯಲ್ಲಿ ಮೈ ತಿಕ್ಕಿ, ಮೊಲೆಗೆ ಹಚ್ಚಿದವರು ಅವರೇ. ಎರಡನೆಯದು ಸತ್ತೇ ಹುಟ್ಟಿತು. ಅವರು ಅದನ್ನು ಚೀಲದ ಮೇಲೆ ಪಕ್ಕಕ್ಕೆ ಇಟ್ಟರು. ನಂತರ ಒಂದಾದ ಮೇಲೊಂದರಂತೆ ಬಂದವು. ಸೂರ್ಯ ಮುಳುಗುವ ಮೊದಲು ಒಂಬತ್ತು ಜೀವಂತ ಮರಿಗಳು ಸಾಲಾಗಿ ಹಾಲು ಕುಡಿಯುತ್ತಿದ್ದವು.

ಅತ್ತೆಯವರು ಅಂದೇ ಬಾಣಂತಿಗೆ ಬುಟ್ಟಿ ತುಂಬ ಮೇವು ಹಾಕಬೇಕೆಂದರು. ನಾನು ಬಿಡಲಿಲ್ಲ. ಬೆಲ್ಲ ಹಾಕಿದ ಬೂಸಾ ನೀರು, ಒಂದು ಕಿಲೋ ಮೇವು, ಅಷ್ಟೇ. "ಬಾಣಂತಿನ ಉಪಾಸ ಕೆಡವೂ ಮನಿ ಇದೊಂದ" ಎಂದು ಗೊಣಗಿದರು. ವಾರದೊಳಗೆ ನಾನು ಅದನ್ನು ಐದು ಕಿಲೋದವರೆಗೆ ಏರಿಸಿದಾಗ, "ಈಗ ಮನಸ ಬಂತೇನ?" ಎಂದರು.

ಮೂರನೆಯ ದಿನ ಬಾಯಾರು ಬಂದರು. ನಾನು ಒಂದೊಂದೇ ಮರಿಯ ಹಿಂಗಾಲು ಹಿಡಿದು ಎತ್ತಿಕೊಟ್ಟೆ, ಅವರು ಕುತ್ತಿಗೆಯ ಪಕ್ಕದಲ್ಲಿ ಕಬ್ಬಿಣಾಂಶದ ಚುಚ್ಚುಮದ್ದು ಕೊಟ್ಟರು. ಒಂಬತ್ತೂ ಕೂಡಿ ಎಬ್ಬಿಸಿದ ಗದ್ದಲಕ್ಕೆ ಓಣಿಯೆಲ್ಲ ಹೊರಗೆ ಬಂತು. ಪಕ್ಕದ ಮನೆಯಾಕೆ, "ತೊಟ್ಟಲದಾಗ ಹಾಕೂದ ಇವತ್ತೇನ್ರಿ? ಹೆಸರ ಏನ ಇಟ್ರಿ?" ಎಂದು ಕೇಳಿದಳು. ಅಂದು ನಾನೇ ಉತ್ತರ ಕೊಟ್ಟೆ: "ಒಂಬತ್ತ ಅದಾವು, ಒಂದಕ್ಕ ನಿನ್ನ ಹೆಸರ ಇಡಲೇನ?"

ಎರಡನೆಯ ವಾರ ಮುಗಿಯಿತು. ಬೆಳಿಗ್ಗೆ ಎದ್ದ ಕೂಡಲೇ ನಾನು ಮಾಡುತ್ತಿದ್ದ ಕೆಲಸವೆಂದರೆ ಮರಿಗಳ ಕಿವಿಯನ್ನು ಬೆಳಕಿಗೆ ಹಿಡಿದು ನೋಡುವುದು. ಒಂಬತ್ತರ ಕಿವಿಯೂ ಗುಲಾಬಿ ಬಣ್ಣದಲ್ಲಿಯೇ ಇತ್ತು, ಸಣ್ಣ ಸಣ್ಣ ರಕ್ತನಾಳಗಳು ಕಾಣುತ್ತಿದ್ದವು. ಮೂರನೆಯ ವಾರವೂ ಮುಗಿಯಿತು. ಒಂದು ಮರಿಯೂ ಸಾಯಲಿಲ್ಲ.

ಮರಿಗಳು ಮೇವು ತಿನ್ನಲು ಕಲಿತ ಮೇಲೆ ಒಂದು ಸಂಜೆ ಸಿಂದಗಿಯ ಆ ಸಾಕಣೆದಾರರು ಬಂದರು. ನಾನು ಮೇವು ಕಲಸುತ್ತಿದ್ದೆ, ಕೈ ತೊಳೆದು ಬಂದು ಬಾಗಿಲ ಹತ್ತಿರ ನಿಂತೆ. ಅವರು ಹಂದಿಯ ಬೆನ್ನು ತಟ್ಟಿ, ಮೊಲೆ ಎಣಿಸಿ, ಮರಿಗಳನ್ನು ನೋಡಿ, "ಛಲೋ ಮಾಡೀರಿ. ಹೇಳ್ರಿ, ಯಾವಾಗ ಹೊಡಕೊಂಡು ಹೋಗ್ಲಿ?" ಎಂದು ಯಜಮಾನರನ್ನು ಕೇಳಿದರು.

ಯಜಮಾನರು ನನ್ನ ಕಡೆ ನೋಡಲಿಲ್ಲ. ಗೋಡೆಯ ಮೇಲೆ ಕೈಯಿಟ್ಟು ಮರಿಗಳನ್ನೇ ನೋಡುತ್ತ, "ತಾಯಿನ ಮಾರೂದಿಲ್ರಿ" ಎಂದರು. "ಮರಿ ಬೇಕಾದ್ರ ಈಕಿನ ಕೇಳ್ರಿ. ಯಾವುದು ಕೊಡಬೇಕು, ಯಾವುದು ಇಟಗೋಬೇಕು ಅನ್ನೂದು ಈಕೀದ."

ಸಾಕಣೆದಾರರು ನನ್ನ ಕಡೆ ತಿರುಗಿದರು. ಎರಡು ಹೆಣ್ಣು ಮರಿಗಳನ್ನು ನಾನು ಇಟ್ಟುಕೊಳ್ಳುವುದಾಗಿಯೂ ಉಳಿದವುಗಳ ಪೈಕಿ ಅವರು ಆರಿಸಿಕೊಳ್ಳಬಹುದೆಂದೂ ತಿಳಿಸಿದೆ. ಏನು ತಿನ್ನಿಸಿದಿರಿ ಎಂದು ಅವರು ಕೇಳಿದರು. ಅದನ್ನು ಹೇಳಲು ಸಾಕಷ್ಟು ಹೊತ್ತು ಹಿಡಿಯಿತು, ಏಕೆಂದರೆ ಏನನ್ನು ತಿನ್ನಿಸಬಾರದು ಎಂಬುದನ್ನೂ ಹೇಳಬೇಕಿತ್ತು, ಮತ್ತು ಅದನ್ನು ಹೇಳುವಾಗ ಅತ್ತೆಯವರು ಒಳಗಿನಿಂದ ಬಂದು ಅರ್ಧಕ್ಕರ್ಧ ತಾವೇ ಹೇಳಿದರು. ಅಂದು ಸಂಜೆಯ ಮೇವು ತಡವಾಯಿತು. ನಾವು ನಾಲ್ವರೂ ಮಾತನಾಡುತ್ತ ನಿಂತಿದ್ದಾಗ ಹಂದಿ ಎದ್ದು ಬಂದು ಖಾಲಿ ದೋಣಿಯನ್ನು ಮೂಗಿನಿಂದ ಕುಟ್ಟತೊಡಗಿತು.